ನೀಲಿ ಡಬ್ಬದ ತೆನೆ

24 ಮಾರ್ಚ್ 1988, ಗುರುವಾರ

ಪಾಸ್ಕಲ್ ಬಂದ. ನಾಲ್ಕು ವರ್ಷ ಕಾದ ಮೇಲೆ ನನ್ನ ಮಗ ನನ್ನ ಮನೆಗೆ ಬಂದ.

ಇಲ್ಲಿ ಗಲ್ಫಿನ ಸೀಬ್ ವಿಮಾನ ನಿಲ್ದಾಣದಲ್ಲಿ ಸ್ಟ್ಯಾನಿಯ ಕೈ ಹಿಡಿದು ಹೊರಗೆ ಬಂದ. ಸ್ಟ್ಯಾನಿ ನನ್ನ ಗಂಡ ಬೊನಿಫಾಸರ ಊರಿನವನೇ, ಸಲಾಲಾದಲ್ಲಿ ಕೆಲಸ. ರಜೆ ಮುಗಿಸಿ ಬರುವಾಗ ಮಗುವನ್ನು ಕರೆತಂದು ಪುಣ್ಯ ಕಟ್ಟಿಕೊಂಡ. ನಾನು ಓಡಿಹೋಗಿ ಪಾಸ್ಕಲ್‌ನನ್ನು ಅಪ್ಪಿಕೊಂಡೆ. ಹುಡುಗ ಮರದ ಕೊರಡಿನ ಹಾಗೆ ನಿಂತಿದ್ದ. ಬಿಟ್ಟ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಊರಿನಲ್ಲಿ ನೆಂಟರು ಬಂದರೆ ಮಕ್ಕಳು ಮಾಡುತ್ತಾರಲ್ಲ, ಹಾಗೆ ಕೈಮುಗಿದು ಆಶೀರ್ವಾದ ಕೇಳಿದ. ಬೊನಿಫಾಸ್‌ಗೆ ಹೆಮ್ಮೆಯೋ ಹೆಮ್ಮೆ. "ನೋಡು ಐಡಾ, ಅಮ್ಮ ಎಷ್ಟು ಚಂದ ಕಲಿಸಿದ್ದಾರೆ!" ಅವರ ಅಮ್ಮ, ನನ್ನ ಅತ್ತೆ, ಕಲಿಸಿದ್ದಾರಂತೆ. ನನ್ನ ಹೊಟ್ಟೆ ಉರಿದುಹೋಯಿತು.

ರೋಸಿ ಹೊಟ್ಟೆಯಲ್ಲಿದ್ದಾಗ ಡಾಕ್ಟರು ಹಾಸಿಗೆಯಿಂದ ಏಳಕೂಡದು ಎಂದರು. ಎರಡು ವರ್ಷದ ಪಾಸ್ಕಲ್‌ನನ್ನು ಊರಿನಲ್ಲಿ ಅತ್ತೆಯ ಹತ್ತಿರ ಬಿಟ್ಟೆವು. ಆರು ತಿಂಗಳ ಮಟ್ಟಿಗೆ ಎಂದು ಮಾತು. ಆಮೇಲೆ ವೀಸಾದ ತಕರಾರು, ಆಮೇಲೆ ಮನೆ ಸಣ್ಣದು, ಆಮೇಲೆ "ಅಮ್ಮನಿಗೆ ಬೇಜಾರಾಗ್ತದೆ ಐಡಾ, ಇನ್ನೊಂದು ವರ್ಷ ಇರಲಿ". ನನಗೆ ಬೇಜಾರಾಗುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ.

ಮನೆಗೆ ಬಂದು ಊಟಕ್ಕೆ ಕೂರಿಸಿ ಕೇಳಿದೆ, "ನಾನು ಯಾರು, ಗೊತ್ತುಂಟಾ?"

"ಗೊತ್ತುಂಟು," ಎಂದ. "ನೀವು ರೋಸಿಯ ಮಮ್ಮಿ."

26 ಮಾರ್ಚ್, ಶನಿವಾರ

ಅವನ ಚೀಲದ ವಿಷಯ ಬರೆಯಬೇಕು. ಬಟ್ಟೆಗಳನ್ನೆಲ್ಲ ಅದರಲ್ಲೇ ಇಟ್ಟುಕೊಂಡಿದ್ದಾನೆ. ಬೆಳಿಗ್ಗೆ ಒಂದು ಜೊತೆ ತೆಗೆಯುತ್ತಾನೆ, ಜಿಪ್ಪು ಎಳೆದು ಮಂಚದ ಕೆಳಗೆ ತಳ್ಳುತ್ತಾನೆ. ನಾನು ಒಗೆದು ಒಣಗಿಸಿದ್ದನ್ನು ತಾನೇ ಮಡಚಿ ಮತ್ತೆ ಒಳಗೆ ಹಾಕುತ್ತಾನೆ. ಆರು ವರ್ಷದ ಹುಡುಗ!

"ಅಲಮಾರಿಯಲ್ಲಿ ಜಾಗ ಉಂಟು ಮಗಾ," ಎಂದೆ.

"ಬೇಡ. ಹೋಗುವಾಗ ಹುಡುಕಬೇಕಾಗ್ತದೆ."

ಬೊನಿಫಾಸ್ ನಕ್ಕರು. ನನಗೆ ನಗು ಬರಲಿಲ್ಲ.

9 ಏಪ್ರಿಲ್, ಶನಿವಾರ

ಮಂಗಳೂರಿನಲ್ಲಿ ನಾಲ್ಕು ವರ್ಷ ಕನ್ನಡ ಟೀಚರಾಗಿದ್ದವಳು ನಾನು. ಒಂದನೇ ಕ್ಲಾಸಿನ ಮಕ್ಕಳು ನನ್ನ ಸೆರಗು ಬಿಡುತ್ತಿರಲಿಲ್ಲ. ಹೆತ್ತ ಮಗನನ್ನು ಒಲಿಸಿಕೊಳ್ಳಲು ಆಗುವುದಿಲ್ಲವೇ ನೋಡಿಯೇ ಬಿಡುತ್ತೇನೆ.

ಈ ವಾರ ಹಾಲಿನ ಪುಡಿಯ ಎರಡು ಡಬ್ಬಗಳಿಗೆ ದಾರ ಕಟ್ಟಿ ಟೆಲಿಫೋನ್ ಮಾಡಿದೆ. ಬೆಂಕಿಪೊಟ್ಟಣಗಳಿಗೆ ಬಣ್ಣದ ಕಾಗದ ಅಂಟಿಸಿ ಹನ್ನೊಂದು ಡಬ್ಬಿಯ ರೈಲು ಮಾಡಿದೆ, ಅಂಗಿಯ ಗುಂಡಿಗಳೇ ಚಕ್ರ. ರೋಸಿ ಕುಣಿದಾಡಿದಳು. ಪಾಸ್ಕಲ್ ಕೈಕಟ್ಟಿ ನಿಂತು ನೋಡಿ "ಚಂದ ಉಂಟು" ಎಂದ. ಇನ್ಸ್‌ಪೆಕ್ಟರು ಶಾಲೆಗೆ ಬಂದು ಹೇಳಿದ ಹಾಗೆ.

ಸಂಜೆ ನೋಡಿದರೆ ಕೆಳಗೆ ಖರ್ಜೂರದ ಮರದ ಬುಡದಲ್ಲಿ ಕೂತು ಗರಿ ಸೀಳುತ್ತಿದ್ದಾನೆ. ಬೆರಳು ಕೊಯ್ದು ರಕ್ತ. ಮೇಲೆ ಕರೆತಂದು ಕಟ್ಟು ಹಾಕಿದೆ.

"ಎಂತ ಮಾಡ್ತಾ ಇದ್ದಿ?"

"ವಾಚು. ಇಲ್ಲಿನ ಗರಿ ಗಟ್ಟಿ, ಮಡಚುವುದಿಲ್ಲ. ಮಾಂಯ್ ತೆಂಗಿನ ಗರಿಯಲ್ಲಿ ಮಾಡ್ತಾಳೆ. ಗಿಳಿ ಸಹ ಮಾಡ್ತಾಳೆ."

ಮಾಂಯ್ ಎಂದರೆ ನಮ್ಮ ಕೊಂಕಣಿಯಲ್ಲಿ ಅಮ್ಮ. ನಾನು ಅತ್ತೆಯನ್ನು ಹಾಗೆ ಕರೆಯುತ್ತೇನೆ, ಅದು ನಮ್ಮಲ್ಲಿ ಪದ್ಧತಿ. ಇವನು ಅಜ್ಜಿಯನ್ನು ಯಾವ ಪದ್ಧತಿಯಲ್ಲಿ ಹಾಗೆ ಕರೆಯುತ್ತಾನೆ? ಅವಳಿಗೆ "ಮಾಡ್ತಾಳೆ", ನನಗೆ "ನೀವು". ಒಂದು ಗರಿಯ ಗಿಳಿಯ ಎದುರು ನನ್ನ ರೈಲು ಸೋತಿತು.

16 ಮೇ, ಸೋಮವಾರ

ಕೊನೆಗೂ ಒಂದು ದಾರಿ ಸಿಕ್ಕಿತು. ಬೊನಿಫಾಸ್ ರುಸೈಲಿನ ಫ್ಯಾಕ್ಟರಿಯಿಂದ ದಪ್ಪ ರಟ್ಟು ತಂದಿದ್ದರು. ಅದರಲ್ಲಿ ಕನ್ನಡದ ಅಕ್ಷರಗಳನ್ನು ಬರೆದು ಕತ್ತರಿಸಿದೆ, ಮಕ್ಕಳು ಬಣ್ಣ ಹಚ್ಚಿದರು. ಇಲ್ಲಿನ ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಅಷ್ಟೇ. ರೋಸಿ "ಅ" ಅಕ್ಷರವನ್ನು ಬಾಯಿಗೆ ಹಾಕಿ ಚೀಪಿದಳು. ಪಾಸ್ಕಲ್ ಮಾತ್ರ ಒಂದೊಂದನ್ನೂ ಕೈಯಲ್ಲಿ ಹಿಡಿದು ಬೆರಳಲ್ಲಿ ಸವರಿ ನೋಡಿದ. ಮೊದಲ ಸಲ ನನ್ನ ಪಕ್ಕದಲ್ಲಿ ಬಂದು ಕೂತ. ಮೊಣಕಾಲಿಗೆ ಮೊಣಕಾಲು ತಾಗಿತು.

"ಇದು ಕಲಿತರೆ ಮಾಂಯ್ ಕಳಿಸುವ ಕಾಗದ ನಾನೇ ಓದಬಹುದಾ?"

ಅತ್ತೆಗೆ ಬರೆಯಲು ಬರುವುದಿಲ್ಲ, ಪಕ್ಕದ ಮನೆಯ ಹುಡುಗಿ ಬರೆದುಕೊಡುತ್ತಾಳೆ. ಅಪರೂಪಕ್ಕೊಂದು ಬರುತ್ತದೆ, ನಾನು ಓದಿ ಹೇಳುತ್ತೇನೆ.

"ಓದಬಹುದು," ಎಂದೆ. ಬೇರೇನು ಹೇಳಲಿ? ಯಾರದೋ ಆಸೆಗಾದರೂ ನನ್ನ ಪಕ್ಕ ಕೂತನಲ್ಲ.

21 ಜೂನ್, ಮಂಗಳವಾರ

ಬಿಸಿಲು. ನಲ್ಲಿ ತಿರುಗಿಸಿದರೆ ಬಿಸಿನೀರು. ಮಕ್ಕಳು ಮನೆಯಲ್ಲೇ. ಪಾಸ್ಕಲ್ ಅಕ್ಷರಗಳಲ್ಲಿ "ಕ"ಯಿಂದ "ಮ"ವರೆಗೆ ಬಂದ.

13 ಜುಲೈ, ಬುಧವಾರ

ಮೂರು ದಿನ ಪಾಸ್ಕಲ್‌ಗೆ ಜ್ವರ. ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಪಕ್ಕದಲ್ಲೇ ಇದ್ದೆ, ರೋಸಿಯನ್ನು ಎದುರು ಮನೆಯ ದಮಯಂತಿಯ ಕೈಗೆ ಕೊಟ್ಟು. ಮಧ್ಯಾಹ್ನ ಕಣ್ಣು ಮುಚ್ಚಿಕೊಂಡೇ "ಮಾಂಯ್, ಮಾಂಯ್" ಎಂದು ಕೈ ಚಾಚಿದ. ನಾನು ಆ ಕೈ ಹಿಡಿದು "ಇಲ್ಲೇ ಇದ್ದೇನೆ ಮಗಾ" ಎಂದೆ. ಕಣ್ಣು ಬಿಟ್ಟು ನೋಡಿದ.

"ನೀವಲ್ಲ," ಎಂದ. ಕೈ ಎಳೆದುಕೊಂಡ.

ದಮಯಂತಿಗೆ ಹೇಳಿದರೆ ಉಡುಪಿಯವಳ ಸಮಾಧಾನ: "ಮಗು ಅಲ್ವಾ ಮಾರಾಯ್ತಿ, ಸಾಕಿದವರ ನೆನಪು ಇರ್ತದೆ. ನೀನು ಅವಸರ ಮಾಡ್ಬೇಡ." ಅವಳಿಗೇನು, ಅವಳ ಎರಡೂ ಮಕ್ಕಳು ಅವಳ ಮಡಿಲಲ್ಲೇ ಬೆಳೆದವು.

30 ಆಗಸ್ಟ್, ಮಂಗಳವಾರ

ತೆನೆ ಹಬ್ಬದ ನೊವೆನಾ ಪ್ರಾರ್ಥನೆ ಇಂದು ಶುರು. ಊರಿನಲ್ಲಾದರೆ ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ಕೊಯ್ದು ಮೇರಿ ಮಾತೆಗೆ ಅರ್ಪಿಸುತ್ತವೆ. ಇಲ್ಲಿ ಹೂ ಎಲ್ಲಿದೆ? ಟಿಶ್ಯೂ ಕಾಗದವನ್ನು ಕುಂಕುಮದ ನೀರಿನಲ್ಲೂ ಅರಿಶಿನದ ನೀರಿನಲ್ಲೂ ಅದ್ದಿ ಒಣಗಿಸಿ ನಲವತ್ತು ಹೂ ಮಾಡಿದೆವು. ಪಾಸ್ಕಲ್‌ಗೆ ಕಾಗದದ ಹೂವಿನ ಮೇಲೆ ನಂಬಿಕೆಯಿಲ್ಲ, ಆದರೂ ನನಗಿಂತ ಚೆನ್ನಾಗಿ ಎಸಳು ತಿರುಚುತ್ತಾನೆ.

"ಹೂ ಇಲ್ಲದಿದ್ದರೂ ಅಡ್ಡಿಯಿಲ್ಲ," ಎಂದ. "ತೆನೆ ಮಾಂಯ್ ಕಳಿಸ್ತಾಳೆ. ನಾನು ಬರುವಾಗಲೇ ಹೇಳಿದ್ದಾಳೆ, ನಿನ್ನ ಪಾಲು ಮರೀಲಿಕ್ಕಿಲ್ಲ ಅಂತ."

ಪ್ರತಿ ವರ್ಷ ಕಳಿಸುತ್ತಾರೆ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ಒಂದು ತೆನೆ, ಕಾಗದದ ನಡುವೆ ಮಡಚಿ. ದೂರ ಇದ್ದವರು ಮನೆಯವರಲ್ಲ ಎಂದಾಗಬಾರದಲ್ಲ, ಅದಕ್ಕೆ. ಅದು ಬಂದ ದಿನ ನಾಲ್ಕು ಕಾಳು ಸುಲಿದು ಪಾಯಸಕ್ಕೆ ಹಾಕಿ ಎಲ್ಲರೂ ತಿನ್ನುವುದು.

8 ಸೆಪ್ಟೆಂಬರ್, ಗುರುವಾರ

ಹಬ್ಬ. ಐದು ಬಗೆ ತರಕಾರಿ ಮಾಡಿದೆ. ಪಾಸ್ಕಲ್ ಪಾಯಸ ಮುಟ್ಟಲಿಲ್ಲ. ತೆನೆ ಬಂದ ಮೇಲೆ ತಿನ್ನುತ್ತಾನಂತೆ.

17 ಸೆಪ್ಟೆಂಬರ್, ಶನಿವಾರ

ಸ್ಟ್ಯಾನಿ ಬಂದಿದ್ದ. ತಂಗಿಯ ಮದುವೆಗೆಂದು ಹತ್ತು ದಿನ ಊರಿಗೆ ಹೋಗಿದ್ದನಂತೆ. ಬೊನಿಫಾಸ್ ಕೆಲಸದಲ್ಲಿ, ಪಾಸ್ಕಲ್ ಶಾಲೆಯಲ್ಲಿ. ಸಲಾಲಾದ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ನಿಂತು ಲಕೋಟೆ ಕೊಟ್ಟು ಹೋದ. ಚಹಾ ಸಹ ಕುಡಿಯಲಿಲ್ಲ.

ಒಳಗೆ ತೆನೆ. ಜೊತೆಗೆ ಕಾಗದ. ಪಾಸ್ಕುಗೆ ಮೊದಲು ಕೊಡಬೇಕಂತೆ. ಎದೆನೋವು ಹೆಚ್ಚಾಗಿದೆಯಂತೆ. ಡಿಸೆಂಬರಿನಲ್ಲಿ ಬೊನಿಫಾಸ್ ರಜೆಗೆ ಬರುವಾಗ ಹುಡುಗನನ್ನು ಕರೆದುಕೊಂಡು ಬರಲಿ, ಒಂದು ಸಲ ನೋಡಬೇಕು, ಇಟ್ಟುಕೊಳ್ಳುವುದಿಲ್ಲ ಎಂದು ಬರೆಸಿದ್ದಾರೆ.

ಇಟ್ಟುಕೊಳ್ಳುವುದಿಲ್ಲವಂತೆ! ಆರು ತಿಂಗಳು ಎಂದು ನಾಲ್ಕು ವರ್ಷ ಇಟ್ಟುಕೊಂಡವರು. ಎದೆನೋವು ನಾನು ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದೇನೆ, ಯಾರಾದರೂ ಊರು ಬಿಟ್ಟು ಹೊರಟರೆ ಸಾಕು, ಎದೆನೋವು. ಪಾಸ್ಕಲ್ ಹೋದರೆ ಬರುವುದಿಲ್ಲ. ಊರಿನ ಮನೆಯ ಗೇಟು ದಾಟಿದ ಮೇಲೆ ಅವಳ ಸೆರಗು ಹಿಡಿದು ಕೂತರೆ ಬೊನಿಫಾಸ್ ಎಳೆದು ತರುತ್ತಾರೆಯೇ? "ಇನ್ನೊಂದು ವರ್ಷ ಇರಲಿ ಐಡಾ" ಎನ್ನುತ್ತಾರೆ, ನನಗೆ ಗೊತ್ತು.

ಕಾಗದವನ್ನೂ ತೆನೆಯನ್ನೂ ಗುಂಡಿಗಳ ನೀಲಿ ಡಬ್ಬದ ತಳದಲ್ಲಿ ಇಟ್ಟೆ. ಬಿಸ್ಕತ್ತಿನ ಹಳೇ ಡಬ್ಬ, ನನ್ನದಲ್ಲದೆ ಬೇರೆ ಕೈ ಅದಕ್ಕೆ ಹೋಗುವುದಿಲ್ಲ. ಕೆಲವು ದಿನಗಳ ಮಟ್ಟಿಗೆ. ಯೋಚಿಸಿ ಹೇಳಿದರಾಯಿತು.

25 ಸೆಪ್ಟೆಂಬರ್, ಭಾನುವಾರ

ನಮ್ಮ ಟಪಾಲು ಬರುವುದು ಫ್ಯಾಕ್ಟರಿಯ ವಿಳಾಸಕ್ಕೆ. ದಿನಾ ಸಂಜೆ ಅಲ್ಲಿಯ ಬಸ್ಸು ಬರುವಾಗ ಪಾಸ್ಕಲ್ ಮೆಟ್ಟಿಲಲ್ಲಿ ಕೂತಿರುತ್ತಾನೆ. "ತೆನೆ ಬಂತಾ ಪಪ್ಪಾ?" ಬೊನಿಫಾಸ್ ಖಾಲಿ ಕೈ ತೋರಿಸುತ್ತಾರೆ. ಇವತ್ತು ಅವರೇ ಕೇಳಿದರು, "ಅಮ್ಮ ಯಾಕೆ ಈ ಸಲ ಕಳಿಸಲಿಲ್ಲ?"

"ವಯಸ್ಸಾಯ್ತಲ್ಲ, ಮರೆತಿರಬೇಕು," ಎಂದೆ. ಪಾಸ್ಕಲ್ ಅಲ್ಲೇ ನಿಂತಿದ್ದ.

"ಮಾಂಯ್ ಮರೀಲಿಕ್ಕಿಲ್ಲ," ಎಂದ.

"ಈಗ ನೀನಿಲ್ಲ ಅಲ್ವಾ ಮಗಾ ಅಲ್ಲಿ. ಕಣ್ಣಿಗೆ ಕಾಣದಿದ್ದರೆ ದೊಡ್ಡವರಿಗೂ ಮರೆತುಹೋಗ್ತದೆ."

ಒಳ್ಳೆಯದಕ್ಕೇ ಹೇಳಿದ್ದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಳದಿ ಕಾಗದ ಸುರುಟಿ ದಾರಕ್ಕೆ ಪೋಣಿಸಿ ಅವನಿಗೊಂದು ತೆನೆ ಮಾಡಿಕೊಟ್ಟೆ, ನಿಜವಾದದ್ದರ ಹಾಗೇ ಇತ್ತು. ತೆಗೆದುಕೊಂಡು ಮೇಜಿನ ಮೇಲೆ ಇಟ್ಟ.

6 ಅಕ್ಟೋಬರ್, ಗುರುವಾರ

ಮೆಟ್ಟಿಲಲ್ಲಿ ಕೂರುವುದನ್ನು ಬಿಟ್ಟಿದ್ದಾನೆ.

14 ಅಕ್ಟೋಬರ್, ಶುಕ್ರವಾರ

ದೇವರೇ, ನಿನಗೆ ಸ್ತೋತ್ರ. ಇಲ್ಲಿ ಶುಕ್ರವಾರವೇ ರಜೆ, ಬೆಳಿಗ್ಗೆ ಇಗರ್ಜಿಯ ಪೂಜೆಯಿಂದ ಬಂದು ನೋಡುತ್ತೇನೆ, ಪಾಸ್ಕಲ್ ಅಲಮಾರಿಯ ಎದುರು ನಿಂತು ತನ್ನ ಬಟ್ಟೆಗಳನ್ನು ಒಂದೊಂದಾಗಿ ಇಡುತ್ತಿದ್ದಾನೆ. ಖಾಲಿ ಚೀಲವನ್ನು ನನ್ನ ಕೈಗೆ ಕೊಟ್ಟ. ಮಧ್ಯಾಹ್ನ ಅಕ್ಷರ ಕತ್ತರಿಸುವಾಗ ತಲೆ ಎತ್ತದೇ, "ಮಮ್ಮಿ, ಆ ಕತ್ತರಿ ನೀನು ಇಟ್ಟುಕೊಂಡಿದ್ದೀಯಾ?" ಎಂದು ಕೇಳಿದ.

ಕತ್ತರಿ ಕೊಟ್ಟು ಅಡುಗೆಮನೆಗೆ ಹೋಗಿ ಕಣ್ತುಂಬ ಅತ್ತುಬಿಟ್ಟೆ. ಸಂಜೆ ಶಿರಾ ಮಾಡಿ ದಮಯಂತಿಗೂ ಕೊಟ್ಟೆ. "ಎಂತ ವಿಶೇಷ?" ಎಂದಳು. "ಸುಮ್ಮನೆ" ಎಂದೆ.

ಹುಡುಗ ಮೊದಲಿಗಿಂತ ಮಾತು ಕಡಿಮೆ ಮಾಡಿದ್ದಾನೆ. ಬುದ್ಧಿ ಬಂತು ಎಂದು ತೋರುತ್ತದೆ.

17 ನವೆಂಬರ್, ಗುರುವಾರ

ಅತ್ತೆ ತೀರಿಹೋದರು. ಬೆಳಿಗ್ಗೆ ಫ್ಯಾಕ್ಟರಿಯ ಆಫೀಸಿಗೆ ಫೋನು ಬಂತಂತೆ. ಎದೆನೋವೇ. ಮೊನ್ನೆಯೇ ಮಣ್ಣು ಮಾಡಿ ಆಗಿದೆ. ಬೊನಿಫಾಸ್‌ನ ಪಾಸ್‌ಪೋರ್ಟು ವೀಸಾ ಕೊಟ್ಟ ಧಣಿ ಕಫೀಲನ ಹತ್ತಿರ, ಅವನು ಈಗ ಇಲ್ಲಿಲ್ಲ. "ಖಲಾಸ್, ಇನ್ನು ಹೋಗಿ ಯಾರನ್ನು ನೋಡಲಿ?" ಎಂದು ಗೋಡೆಗೆ ತಲೆ ಆನಿಸಿ ಮಗುವಿನ ಹಾಗೆ ಅತ್ತರು. ರೋಸಿಗೆ ಹೆದರಿಕೆಯಾಗಿ ಅವಳೂ ಅತ್ತಳು.

ಪಾಸ್ಕಲ್ ಅಳಲಿಲ್ಲ. ವಿಷಯ ಹೇಳಿದೆವು, ಕೇಳಿದ, "ಹಾಂ" ಎಂದ. ಹೋಂವರ್ಕ್ ಮಾಡಿ ಮುಗಿಸಿದ. ರಾತ್ರಿಯ ಪ್ರಾರ್ಥನೆಯಲ್ಲಿ ಮಾಂಯ್ ಹೆಸರು ಹೇಳು ಎಂದರೆ, "ನೀನೇ ಹೇಳು ಮಮ್ಮಿ" ಎಂದ.

18 ನವೆಂಬರ್, ಶುಕ್ರವಾರ

ದಮಯಂತಿ ಬಂದಿದ್ದಳು. "ಮಗು ಒಂದು ಸಲ ಅತ್ತುಬಿಟ್ಟಿದ್ದರೆ ಒಳ್ಳೇದಿತ್ತು ಐಡಾ. ನಾಲ್ಕು ವರ್ಷ ಸಾಕಿದವರು ಅಲ್ವಾ?" ಇವಳಿಗೆ ಎಲ್ಲದರಲ್ಲೂ ಒಂದು ಕೊಂಕು ಬೇಕು. ಅತ್ತರೆ ಅತ್ತ ಎನ್ನುತ್ತಾರೆ, ಅಳದಿದ್ದರೆ ಅಳಲಿಲ್ಲ ಎನ್ನುತ್ತಾರೆ.

ನೀಲಿ ಡಬ್ಬ ತೆಗೆದೆ. ಕಾಗದ ಸುಡಬಹುದಿತ್ತು. ಆದರೆ ತೆನೆ ಆಶೀರ್ವಾದದ್ದು, ಸುಡಲೂ ಎಸೆಯಲೂ ಕೈ ಬರಲಿಲ್ಲ, ತಿನ್ನಲೂ ಬರಲಿಲ್ಲ. ಎರಡನ್ನೂ ಇದ್ದಲ್ಲೇ ಇಟ್ಟೆ. ಎದೆನೋವು ನಿಜವೆಂದು ನನಗೆ ಹೇಗೆ ತಿಳಿಯಬೇಕಿತ್ತು?

4 ಡಿಸೆಂಬರ್, ಭಾನುವಾರ

ಕ್ರಿಸ್ಮಸ್ ಗೋದಲಿಗೆ ಹಸಿರು ಬಿತ್ತಿದೆವು. ಊರಿನಲ್ಲಿ ತೆಂಗಿನ ಗೆರಟೆಗಳಲ್ಲಿ ಬಿತ್ತುತ್ತಾರೆ, ಬಾಲಯೇಸುವಿನ ಸುತ್ತ ಗದ್ದೆಯ ಹಾಗೆ ಕಾಣಲಿ ಎಂದು. ಇಲ್ಲಿ ಹಾಲಿನ ಪುಡಿಯ ಡಬ್ಬ. ಪಾಸ್ಕಲ್‌ನ ಡಬ್ಬದಲ್ಲಿ ಮೆಂತೆ. ರೋಸಿಗೂ ಮೆಂತೆ ಕೊಟ್ಟರೆ, "ನಂಗೆ ಬೇಡ, ನನ್ನ ಹತ್ತಿರ ಬೇರೆ ಬೀಜ ಉಂಟು" ಎಂದು ಮುಷ್ಟಿ ಬಿಗಿದು ಓಡಿದಳು. ದಮಯಂತಿಯ ಮನೆಯ ಹಕ್ಕಿಯ ಕಾಳು ಕದ್ದಿರಬೇಕು. ನಾಲ್ಕು ವರ್ಷಕ್ಕೇ ಎಷ್ಟು ಕಳ್ಳಬುದ್ಧಿ!

15 ಡಿಸೆಂಬರ್, ಗುರುವಾರ

ಪಾಸ್ಕಲ್‌ನ ಮೆಂತೆ ಎದ್ದು ಬಾಡಿತು, ಮತ್ತೆ ಬಿತ್ತಿದ್ದೇವೆ. ರೋಸಿಯ ಡಬ್ಬದಲ್ಲಿ ಹುಲ್ಲಿನ ಹಾಗೆ ನೆಟ್ಟಗೆ ಬಂದಿದೆ, ತೆಳು ಹಸಿರು. ಚಂದವೇನೋ ಇದೆ. ಹಕ್ಕಿಯ ಕಾಳು ಹೀಗೆ ಬರುತ್ತದೋ ಏನೋ, ನಾನು ಪೇಟೆಯಲ್ಲಿ ಬೆಳೆದವಳು. ಬಾಲ್ಕನಿಯಲ್ಲಿ ಒಗೆಯುವ ಕಲ್ಲಿನ ಹಿಂದೆ ಇಟ್ಟು ಅಣ್ಣನಿಗೂ ತೋರಿಸದೆ ಕಾಯುತ್ತಿದ್ದಾಳೆ.

ಪಾಸ್ಕಲ್ ಈಗ ಸಣ್ಣ ಸಣ್ಣ ಪದಗಳನ್ನು ತಾನೇ ಓದುತ್ತಾನೆ. ನನ್ನ ರಟ್ಟಿನ ಅಕ್ಷರಗಳಿಂದ ಕಲಿತದ್ದು. ಯಾರೂ ಇದನ್ನು ನನ್ನಿಂದ ಕಸಿಯಲಾರರು.

23 ಡಿಸೆಂಬರ್, ಶುಕ್ರವಾರ

ಗೋದಲಿ ಕಟ್ಟುತ್ತಿದ್ದೆವು. ಬೊನಿಫಾಸ್ ಸ್ಟೂಲಿನ ಮೇಲೆ ನಿಂತು ನಕ್ಷತ್ರ ತೂಗುಹಾಕುತ್ತಿದ್ದರು. ರೋಸಿ ತನ್ನ ಡಬ್ಬವನ್ನು ಎರಡೂ ಕೈಯಲ್ಲಿ ಹೊತ್ತು ತಂದಳು. ಪಾಸ್ಕಲ್ ನೋಡಿದ. ಕೈಯಲ್ಲಿದ್ದ ಕುರಿಮರಿಯನ್ನು ಕೆಳಗಿಟ್ಟ. ಹತ್ತಿರ ಬಂದು ಎಲೆಯೊಂದನ್ನು ಬುಡದಿಂದ ತುದಿಯವರೆಗೆ ಸವರಿದ.

"ಇದು ನೇಜಿ," ಎಂದ. "ಭತ್ತದ ಸಸಿ. ಇಲ್ಲಿ ಭತ್ತ ಎಲ್ಲಿಂದ?"

"ನಂದು!" ಎಂದಳು ರೋಸಿ. "ಗುಂಡಿ ಡಬ್ಬದಲ್ಲಿ ಇತ್ತು. ಇನ್ನೂ ಉಂಟು, ತೋರಿಸ್ತೇನೆ."

ನಾನು "ಬೇಡ ರೋಸಿ" ಎಂದೆ. ಕೇಳುವ ಮಗುವೇ ಅದು? ಓಡಿಹೋಗಿ ಡಬ್ಬ ತಂದು ನೆಲದ ಮೇಲೆ ಸುರಿದಳು. ಗುಂಡಿಗಳು ಮನೆಯಿಡೀ ಉರುಳಿದವು. ಕಾಳು ಉದುರಿದ ತೆನೆ ಬಿತ್ತು, ಲಕೋಟೆ ಬಿತ್ತು.

ಪಾಸ್ಕಲ್ ಕೂತು ಕಾಗದ ಬಿಡಿಸಿದ. ನಾನು ಕಲಿಸಿದ ಹಾಗೆಯೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿದ. "ತೆ, ನೆ. ಮೊ, ದ, ಲು. ಅ, ವ, ನಿ, ಗೆ. ಕೊ, ಡು." ಬೊನಿಫಾಸ್ ಸ್ಟೂಲಿನಿಂದ ಇಳಿದರು. ಕಿತ್ತುಕೊಳ್ಳಬಹುದಿತ್ತು ನಾನು. ಕೈ ಏಳಲಿಲ್ಲ. ಕೆಳಗಿನ ಉದ್ದದ ಸಾಲುಗಳಿಗೆ ಬಂದಾಗ ಹುಡುಗನಿಗೆ ಓದಲಾಗಲಿಲ್ಲ. ಎರಡು ಸಲ ಪ್ರಯತ್ನಿಸಿದ. ಅಪ್ಪನ ಹತ್ತಿರ ಹೋಗಲಿಲ್ಲ, ನೇರ ನನ್ನ ಹತ್ತಿರ ಬಂದು ಆ ಸಾಲಿನ ಮೇಲೆ ಬೆರಳಿಟ್ಟ.

"ಇದು ನೀವು ಓದಿ. ನೀವು ಟೀಚರಲ್ವಾ?"

ಓದಿದೆ. "ಐಡಾ, ನನಗೆ ಎದೆನೋವು ಹೆಚ್ಚಾಗಿದೆ. ಪಾಸ್ಕುನನ್ನು ಒಂದು ಸಲ ನೋಡಬೇಕು. ನೀನು ಹೆದರಬೇಡ, ನಾನು ಇಟ್ಟುಕೊಳ್ಳುವುದಿಲ್ಲ. ಅವನು ನಿನ್ನ ಮಗ. ನಾಲ್ಕು ವರ್ಷ ನಿನಗೆ ಕೊಡದೆ ತಪ್ಪು ಮಾಡಿದೆ, ಮಾಫಿ ಮಾಡು."

ಕೊನೆಯ ಸಾಲನ್ನು ಸೆಪ್ಟೆಂಬರಿನಲ್ಲೂ ಓದಿದ್ದೆ. ಇಲ್ಲಿ ಬರೆದಿರಲಿಲ್ಲ.

ಪಾಸ್ಕಲ್ ಗುಂಡಿಗಳ ನಡುವೆ ಮೊಣಕಾಲೂರಿ ಕಾಳು ಹುಡುಕಿದ. ನಾಲ್ಕು ಸಿಕ್ಕಿದವು. ಉಗುರಿನಲ್ಲಿ ಸುಲಿದು ರೋಸಿಗೊಂದು, ಅಪ್ಪನಿಗೊಂದು ಕೊಟ್ಟು ತಾನೊಂದನ್ನು ಬಾಯಿಗೆ ಹಾಕಿಕೊಂಡ. ಆಗ ಅತ್ತ. ಒಂದು ತಿಂಗಳ ಹಿಂದೆ ಅಳಬೇಕಾಗಿದ್ದನ್ನು ಇವತ್ತು ಅತ್ತ, ನೆಲಕ್ಕೆ ಹಣೆ ಹಚ್ಚಿ, ಮಾಂಯ್ ಮಾಂಯ್ ಎಂದು. ನಾನು ಮುಟ್ಟಲು ಹೋದೆ. ಬೊನಿಫಾಸ್ ನನ್ನ ಕೈ ತಡೆದರು.

ನಾಲ್ಕನೆಯ ಕಾಳನ್ನು ಸುಲಿದು ಮೇಜಿನ ಮೇಲೆ ನನಗೆಂದು ಇಟ್ಟಿದ್ದಾನೆ. ಮಾಂಯ್ ಹಾಗೆ ಕಲಿಸಿದ್ದಾರೆ, ಮನೆಯಲ್ಲಿ ಯಾರನ್ನೂ ಬಿಡಬಾರದು ಎಂದು.

25 ಡಿಸೆಂಬರ್, ಭಾನುವಾರ

ಕ್ರಿಸ್ಮಸ್. ಎರಡು ದಿನದಿಂದ ಬೊನಿಫಾಸ್ ನನ್ನ ಹತ್ತಿರ ಮಾತಾಡಿಲ್ಲ. ಅಲಮಾರಿಯಲ್ಲಿ ಪಾಸ್ಕಲ್‌ನ ಬಟ್ಟೆ ಇಡುವ ಜಾಗ ಖಾಲಿ. ಚೀಲ ಎಲ್ಲಿಟ್ಟಿದ್ದೆನೋ ಹುಡುಕಿ ತೆಗೆದುಕೊಂಡಿದ್ದಾನೆ. ಮಂಚದ ಕೆಳಗೆ ಇದೆ, ಜಿಪ್ಪು ಹಾಕಿದೆ. ಕಾಳು ಇನ್ನೂ ಮೇಜಿನ ಮೇಲೇ ಇದೆ.

ಸಂಜೆ ದಮಯಂತಿ ಮಕ್ಕಳನ್ನು ಕರೆದುಕೊಂಡು ಗೋದಲಿ ನೋಡಲು ಬಂದಳು. ನಾನು ಅಡುಗೆಮನೆಯಲ್ಲಿ ಹಬ್ಬದ ಕರ್ಜಿಕಾಯಿ, ನೆವ್ರಿಯ ತಟ್ಟೆ ಹಿಡಿದು ನಿಂತಿದ್ದೆ. ಹೊರಗೆ ಅವಳ ದೊಡ್ಡ ಸ್ವರ: "ಎಂಥ ಚಂದದ ಹಸಿರು ಮಾರಾಯ! ಗದ್ದೆಯೇ ತಂದು ಇಟ್ಟ ಹಾಗುಂಟು. ಮಮ್ಮಿ ಎಲ್ಲಿ ಪಾಸ್ಕಲ್?"

"ರೋಸಿಯ ಮಮ್ಮಿ ಒಳಗಿದ್ದಾರೆ," ಎಂದ. "ಕೂತುಕೊಳ್ಳಿ, ಕರೀತೇನೆ."